ಬ್ಯಾಕ್‌ಡೇಟ್ ಕಾರಿನ ಯೋಜನೆ: ಹಳೆಯ ರೂಪ, ಆಮೇಲಿನ ಎಂಜಿನ್, ಕೊಡಗಿನ ಮಳೆ

2024ರಿಂದೀಚೆಗೆ ಕಾಫಿ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ಕೊಡಗಿನ ತೋಟದ ಮನೆಗಳಲ್ಲಿ ಹಳೆಯ ವಾಹನಗಳ ಮಾತು ಮತ್ತೆ ಕೇಳಿಬರುತ್ತಿದೆ. ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಜೀಪುಗಳೂ ಅಜ್ಜನ ಕಾಲದ ಅಂಬಾಸಿಡರ್‌ಗಳೂ ಗ್ಯಾರೇಜಿನ ದಾರಿ ಹಿಡಿದಿವೆ. ಇದರ ಜೊತೆಗೆ, ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸದಲ್ಲಿರುವ ಮಕ್ಕಳು ಮನೆಗೆ ಬಂದಾಗ ಮೊಬೈಲಿನಲ್ಲಿ ತೋರಿಸುವ ಇನ್ನೊಂದು ಬಗೆಯ ಕಾರೂ ಚರ್ಚೆಗೆ ಬಂದಿದೆ. ನೋಡಲು ಅದು 1970ರ ಆಸುಪಾಸಿನ ಪೋರ್ಷೆ 911. ದಾಖಲೆ ತೆಗೆದು ನೋಡಿದರೆ 1980ರ ದಶಕದ ಕಾರು. ಇಂಥದ್ದನ್ನು ಬ್ಯಾಕ್‌ಡೇಟ್ ಎನ್ನುತ್ತಾರೆ. ಈ ಕೆಲಸ ಏನು, ಏಕೆ ಮಾಡುತ್ತಾರೆ, ಹೇಗೆ ಯೋಜಿಸಬೇಕು, ಕೊಡಗಿನಂಥ ಊರಿನಲ್ಲಿ ಅಂಥ ಕಾರನ್ನು ಇಟ್ಟುಕೊಳ್ಳಬೇಕೆಂದರೆ ಯಾವ ಯಾವ ವಿಷಯಗಳು ತೀರ್ಮಾನವಾಗಬೇಕು ಎಂಬುದನ್ನು ಹಿನ್ನೆಲೆ ತಿಳಿಯದವರಿಗೂ ಅರ್ಥವಾಗುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಮೂರು ಬೇರೆ ಬೇರೆ ಕೆಲಸಗಳು

ಹಳೆಯ ವಾಹನದ ಮೇಲೆ ನಡೆಯುವ ಕೆಲಸಗಳಲ್ಲಿ ಮುಖ್ಯವಾಗಿ ಮೂರು ಬಗೆ ಇವೆ. ಇವುಗಳನ್ನು ಒಂದರೊಡನೊಂದು ಬೆರೆಸಿದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪುತ್ತದೆ. ತೋಟದ ಜೀಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಒಂದು ಹಳೆಯ ವಿಲ್ಲೀಸ್ ಜೀಪನ್ನು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ, ಅದೇ ಪೆಟ್ರೋಲ್ ಎಂಜಿನ್, ಅದೇ ಬಣ್ಣ, ಅದೇ ಸೀಟು ಎಂಬಂತೆ ಸಿದ್ಧಗೊಳಿಸಿದರೆ ಅದು ರೆಸ್ಟೊರೇಶನ್, ಅಂದರೆ ಜೀರ್ಣೋದ್ಧಾರ. ಅದೇ ವಿಲ್ಲೀಸಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿ, ಬ್ರೇಕು ಮತ್ತು ಗೇರ್‌ಬಾಕ್ಸನ್ನು ಆಮೇಲಿನ ಕಾಲದ್ದಕ್ಕೆ ಬದಲಿಸಿದರೆ ಅದು ರೆಸ್ಟೊಮಾಡ್. ಕೊಡಗಿನ ಗ್ಯಾರೇಜುಗಳು ಈ ಕೆಲಸವನ್ನು ಹೆಸರು ಗೊತ್ತಿಲ್ಲದ ಕಾಲದಿಂದಲೂ ಮಾಡುತ್ತ ಬಂದಿವೆ. ಮೂರನೆಯದು ಇವೆರಡಕ್ಕೂ ತಿರುಗುಮುರುಗು: ಆಮೇಲಿನ ಕಾಲದ ಒಂದು ಮಹೀಂದ್ರ ಜೀಪನ್ನು ಕೊಂಡು, ಎಂಜಿನ್ ಮತ್ತು ಚಾಸಿಸ್ ಹಾಗೇ ಇಟ್ಟುಕೊಂಡು, ಮುಂಭಾಗದ ಜಾಲರಿ, ಬಾನೆಟ್, ದೀಪ, ಬಂಪರ್ ಇವಿಷ್ಟನ್ನು ವಿಲ್ಲೀಸಿನ ರೂಪಕ್ಕೆ ತರುವುದು. ಇದೇ ಬ್ಯಾಕ್‌ಡೇಟ್.

ಬ್ಯಾಕ್‌ಡೇಟಿನಲ್ಲಿ ಕಾರಿನ ನಿಜವಾದ ವಯಸ್ಸು ಬದಲಾಗುವುದಿಲ್ಲ. ಚಾಸಿಸ್ ನಂಬರ್ 1983ರದ್ದಾಗಿದ್ದರೆ ಕಾರು 1983ರದ್ದೇ. ಇದನ್ನು ಮುಚ್ಚಿಟ್ಟು 1973ರ ಕಾರೆಂದು ಮಾರಲು ಹೊರಟರೆ ಅದು ಹವ್ಯಾಸದ ಗಡಿ ದಾಟಿ ವಂಚನೆಯಾಗುತ್ತದೆ.

911ರಲ್ಲೇ ಇದು ಏಕೆ ಹೆಚ್ಚು

ಯಾವುದೇ ಕಾರಿಗೆ ಹಳೆಯ ರೂಪ ಕೊಡಲು ಹೊರಟರೆ ಸಾಮಾನ್ಯವಾಗಿ ಎದುರಾಗುವ ತೊಡಕು ಎಂದರೆ, ಹೊಸ ಮಾದರಿಯ ಬಾಗಿಲು, ಚಾವಣಿ, ಗಾಜು ಎಲ್ಲದರ ಆಕಾರವೂ ಬದಲಾಗಿರುವುದು. ಪೋರ್ಷೆ 911ರಲ್ಲಿ ಆ ತೊಡಕು ಇಲ್ಲ. 1963ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಾಗ ಅದರ ಹೆಸರು 901 ಎಂದಿತ್ತು. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳ ಹಕ್ಕು ತನ್ನದೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ ಅದು 911 ಆಯಿತು. ಅಂದಿನ ಚಾವಣಿ, ಮುಂದಿನ ಗಾಜು, ಬಾಗಿಲುಗಳ ಮೂಲ ಆಕಾರ 1989ರವರೆಗೂ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. 1969ನೇ ಮಾದರಿ ವರ್ಷದಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,211 ಮಿಲಿಮೀಟರಿನಿಂದ 2,268ಕ್ಕೆ ಹಿಗ್ಗಿತು. ಅದಕ್ಕಾಗಿ ಹಿಂಚಕ್ರಗಳನ್ನು 57 ಮಿಲಿಮೀಟರ್ ಹಿಂದಕ್ಕೆ ಸರಿಸಿದರೇ ಹೊರತು ಬಾಗಿಲನ್ನು ಮುಟ್ಟಲಿಲ್ಲ.

ಕಣ್ಣಿಗೆ ಹೊಡೆಯುವ ಬದಲಾವಣೆ ಬಂದದ್ದು 1974ನೇ ಮಾದರಿ ವರ್ಷದಲ್ಲಿ. ನಿಧಾನಗತಿಯ ಡಿಕ್ಕಿಯಲ್ಲಿ, ಅಂದರೆ ಗಂಟೆಗೆ 5 ಮೈಲಿ ವೇಗದಲ್ಲಿ, ಕಾರಿಗೆ ಹಾನಿಯಾಗಬಾರದೆಂಬ ಅಮೆರಿಕದ ನಿಯಮಕ್ಕೆ ಹೊಂದಿಕೊಳ್ಳಲು ಪೋರ್ಷೆ ದಪ್ಪನೆಯ ಅಲ್ಯೂಮಿನಿಯಂ ಬಂಪರ್ ಅಳವಡಿಸಿ, ಅದರ ಎರಡೂ ತುದಿಗೆ ಹಾರ್ಮೋನಿಯಂ ತಿದಿಯಂಥ ರಬ್ಬರ್ ಮಡಿಕೆಗಳನ್ನು ಕೂರಿಸಿತು. ಆ ಬಂಪರಿಗೆ ಜಾಗ ಮಾಡಿಕೊಡಲು ಮುಂದಿನ ಬಾನೆಟ್ಟಿನ ಉದ್ದ ಕಡಿಮೆಯಾಯಿತು. 1973ರವರೆಗಿನ ಕಾರುಗಳನ್ನು ಉದ್ದ ಬಾನೆಟ್ಟಿನವು ಎಂದೂ, 1974ರಿಂದ 1989ರವರೆಗಿನವನ್ನು ದೊಡ್ಡ ಬಂಪರಿನವು ಎಂದೂ ಗುರುತಿಸುವುದು ಈ ಕಾರಣಕ್ಕೆ. ಹವ್ಯಾಸಿಗಳಿಗೆ ಇಷ್ಟವಾದದ್ದು ಮೊದಲಿನ ರೂಪ. ಬಾಳಿಕೆ ಮತ್ತು ಬಲ ಇರುವುದು ಎರಡನೆಯದರ ಯಂತ್ರಭಾಗದಲ್ಲಿ. ಎರಡರ ದೇಹ ಒಂದೇ ಆಗಿರುವುದರಿಂದ ಮುಂದಿನ ಎರಡು ಮಡ್‌ಗಾರ್ಡ್, ಬಾನೆಟ್, ಬಾನೆಟ್ ಬೀಗ ಕೂರುವ ಅಡ್ಡಪಟ್ಟಿ, ಎರಡೂ ಬಂಪರ್, ಹಿಂದಿನ ದೀಪಗಳು ಮತ್ತು ಕೆಲವು ಅಂಚುಪಟ್ಟಿಗಳನ್ನು ಬದಲಿಸಿದರೆ ಆಮೇಲಿನ ಕಾರು ಮೊದಲಿನದರಂತೆ ಕಾಣುತ್ತದೆ.

ಬೆಲೆಯೂ ಒಂದು ಕಾರಣ. 1973ರ ಕರೇರಾ ಆರ್‌ಎಸ್ 2.7 ಎಂಬ ಮಾದರಿ, ಹಿಂಭಾಗದಲ್ಲಿ ಬಾತುಕೋಳಿಯ ಬಾಲದಂತೆ ಎದ್ದಿರುವ ಸ್ಪಾಯ್ಲರಿನಿಂದ ಹೆಸರಾದದ್ದು, ಒಟ್ಟು ತಯಾರಾದದ್ದು 1,580 ಮಾತ್ರ. ಅಸಲಿ ಕಾರು ಇಂದು ಕೋಟಿಗಟ್ಟಲೆ ಬಾಳುತ್ತದೆ. ಕೊಂಡವರೂ ಅದನ್ನು ಮಳೆಯಲ್ಲಿ ಹೊರತೆಗೆಯಲು ಹಿಂಜರಿಯುತ್ತಾರೆ. ಅದರ ಎಂಜಿನ್ ಬಲ 210 ಅಶ್ವಶಕ್ತಿ. 1981ರಿಂದ 1983ರವರೆಗಿನ 911 ಎಸ್‌ಸಿ ಎಂಬ ಸಾಮಾನ್ಯ ಮಾದರಿಯ 3.0 ಲೀಟರ್ ಎಂಜಿನ್ 204 ಅಶ್ವಶಕ್ತಿ ಕೊಡುತ್ತಿತ್ತು. ಅಂತರ ಇರುವುದು ತೂಕದಲ್ಲಿ: ಆರ್‌ಎಸ್‌ನ ಹಗುರ ಆವೃತ್ತಿ ಸುಮಾರು 960 ಕಿಲೋ, ಎಸ್‌ಸಿ ಸುಮಾರು 1,160 ಕಿಲೋ. ದಪ್ಪ ಬಂಪರು, ಅದರ ಹಿಂದಿನ ಆಧಾರಗಳು, ಏರ್ ಕಂಡಿಷನರ್, ಭಾರದ ಸೀಟು ಇವೆಲ್ಲ ಹೊರಬಿದ್ದಾಗ ಆ ಅಂತರದ ಒಂದು ಪಾಲು ತಾನಾಗಿಯೇ ಕರಗುತ್ತದೆ.

1989ರ ನಂತರದ, 964 ಎಂಬ ಸಂಕೇತದ 911 ಮಾದರಿಯನ್ನು ತಳಹದಿಯಾಗಿ ಹಿಡಿಯುವವರೂ ಇದ್ದಾರೆ. ಕ್ಯಾಲಿಫೋರ್ನಿಯದ ಸಿಂಗರ್ ಸಂಸ್ಥೆ ಪ್ರಸಿದ್ಧವಾದದ್ದು ಈ ದಾರಿಯಲ್ಲಿ. ಅದರ ಖರ್ಚು ಬೇರೆಯೇ ಲೋಕದ್ದು, ಇಲ್ಲಿ ಬಿಟ್ಟುಬಿಡೋಣ.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ

ಬಣ್ಣ, ಚಕ್ರ, ಸೀಟಿನ ಹೊದಿಕೆ ಇವುಗಳಿಂದ ಯೋಜನೆ ಶುರುಮಾಡುವವರೇ ಹೆಚ್ಚು. ಭಾರತದಲ್ಲಿ ಅದು ತಲೆಕೆಳಗಿನ ಕ್ರಮ. ಇಲ್ಲಿ ಮೊದಲು ನೋಡಬೇಕಾದದ್ದು ಕಾನೂನು.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಆ ಪ್ರಕರಣ ಬಂದದ್ದು ಪಕ್ಕದ ಕೇರಳದಿಂದ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆಗೆ ಹೋಗುವ ವಿರಾಜಪೇಟೆಯವರಿಗೆ ಅಲ್ಲಿನ ತಪಾಸಣೆಯ ಬಿಗಿ ಹೊಸದೇನಲ್ಲ. ಅದೇ ವರ್ಷ ಕಾಯಿದೆಗೆ ಬಂದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಬಣ್ಣ ಬದಲಿಸುವುದು ದೊಡ್ಡ ತೊಡಕಲ್ಲ, ಆದರೆ ಅದನ್ನೂ ಆರ್‌ಸಿಯಲ್ಲಿ ಸೇರಿಸಿಸಬೇಕು. ಎಂಜಿನ್ ಬದಲಿಸುವುದಕ್ಕೆ ಆರ್‌ಟಿಒ ಅನುಮತಿ ಬೇಕೇ ಬೇಕು. ದೇಹದ ಆಕಾರ ಮುಟ್ಟುವ ಕೆಲಸವಿದ್ದರೆ, ಮಡಿಕೇರಿಯ ಕೆಎ 12 ಆಗಲಿ ಬೇರೆ ಯಾವುದೇ ಆಗಲಿ, ಕಾರು ನೋಂದಣಿಯಾಗಿರುವ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆದ ಮೇಲೆಯೇ ಭಾಗಗಳಿಗೆ ಹಣ ಕಟ್ಟುವುದು ಕ್ಷೇಮ.

ವಿಂಟೇಜ್ ನೋಂದಣಿಯ ವಿಷಯದಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. 2021ರಲ್ಲಿ ಬಂದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ, ಚಾಸಿಸ್, ದೇಹ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಗಳಿಗೆ ಮಾತ್ರ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಂಥ ವಾಹನವನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕೆಲಸಗಳಿಗಷ್ಟೇ ರಸ್ತೆಗೆ ಇಳಿಸಬಹುದು. ಬ್ಯಾಕ್‌ಡೇಟ್ ಕಾರು ನೋಡಲು ಎಷ್ಟೇ ಹಳತಾಗಿದ್ದರೂ ಈ ಪಟ್ಟಿಗೆ ಸೇರುವುದಿಲ್ಲ, ಏಕೆಂದರೆ ಮಾರ್ಪಾಡೇ ಅದರ ಹುಟ್ಟು. ಇನ್ನೊಂದು ತುದಿಯಲ್ಲಿ, 50 ವರ್ಷ ದಾಟಿದ ಅಸಲಿ ಕಾರಿನ ದೇಹವನ್ನು ಕೊಯ್ದು ಬೇರೆ ರೂಪ ಕೊಟ್ಟರೆ ಅದಕ್ಕೆ ಸಿಗಬಹುದಾಗಿದ್ದ ಮಾನ್ಯತೆಯೂ ಕೈಬಿಟ್ಟುಹೋಗುತ್ತದೆ.

ಆಮದಿನ ದಾರಿ ಇನ್ನೂ ಇಕ್ಕಟ್ಟಿನದು. ಬಳಸಿದ ಕಾರನ್ನು ತರಿಸುವ ಸಾಮಾನ್ಯ ನಿಯಮದಂತೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಬದಿಯಲ್ಲಿರಬೇಕು. ಇದರ ಮೇಲೆ ಭಾರಿ ಸುಂಕ. 1983ರ 911 ಈ ಬಾಗಿಲಿನಿಂದ ಒಳಗೆ ಬರಲಾರದು. ಆದ್ದರಿಂದ ಕೊಡಗಿನ ಕುಟುಂಬವೊಂದು ಇಂಥ ಕಾರನ್ನು ಹೊಂದುವ ವ್ಯಾವಹಾರಿಕ ದಾರಿಗಳು ಎರಡು: ಇಲ್ಲಿ ಈಗಾಗಲೇ ನೋಂದಣಿಯಾಗಿರುವ ಬೆರಳೆಣಿಕೆಯ ಕಾರುಗಳಲ್ಲಿ ಒಂದನ್ನು ಕೊಳ್ಳುವುದು, ಇಲ್ಲವೆ ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ನೆಲೆಸಿರುವವರು ಅಲ್ಲಿಯೇ ಕಟ್ಟಿಸಿ ಅಲ್ಲಿಯೇ ಓಡಿಸುವುದು.

ಇವೆರಡೂ ಆಗದಿದ್ದರೆ ತತ್ವವನ್ನಷ್ಟೇ ನಮ್ಮ ಕಾರಿಗೆ ಅನ್ವಯಿಸಬಹುದು. ಮೂಲ ದೇಹ ಹೆಚ್ಚು ಬದಲಾಗದೆ ದಶಕಗಳ ಕಾಲ ಓಡಿದ ಕಾರು ನಮ್ಮಲ್ಲೂ ಉಂಟು. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. 1990ರ ದಶಕದಲ್ಲಿ ಅದಕ್ಕೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಆ ಎಂಜಿನ್ ಇರುವ ಒಂದು ಒಳ್ಳೆಯ ಕಾರಿಗೆ ಮೊದಲ ಕಾಲದ ಜಾಲರಿ, ಬಂಪರ್ ಮತ್ತು ದೀಪ ಕೂರಿಸುವುದು ಖರ್ಚಿನಲ್ಲಿ 911ರ ಹತ್ತಿರಕ್ಕೂ ಬರುವುದಿಲ್ಲ. ಮುಂದೆ ಹೇಳುವ ತುಕ್ಕು, ಇಂಧನ, ಬಣ್ಣದ ಮಾತುಗಳು ಅದಕ್ಕೂ ಸಲ್ಲುತ್ತವೆ.

ತಳಹದಿ ಕಾರಿನ ಆಯ್ಕೆ

ಕಾಗದ ಸರಿಯಿದ್ದರೆ ಮುಂದಿನ ಪ್ರಶ್ನೆ ಯಾವ ವರ್ಷದ ಕಾರು ಎಂಬುದು. 1974ರಿಂದ 1977ರವರೆಗಿನ 2.7 ಲೀಟರ್ ಎಂಜಿನ್‌ಗಳ ಹೊರಕವಚ ಮೆಗ್ನೀಸಿಯಂನದು. ಬಿಸಿಯಾಗಿ ತಣ್ಣಗಾಗುವ ಆವರ್ತನದಲ್ಲಿ ಸಿಲಿಂಡರ್ ತಲೆಯನ್ನು ಹಿಡಿದಿಡುವ ಸ್ಟಡ್‌ಗಳು ಆ ಮೆದು ಲೋಹದಿಂದ ಕಿತ್ತುಬರುವುದು ಇವುಗಳ ಕುಖ್ಯಾತ ದೋಷ. 1978ರಿಂದ 1983ರವರೆಗಿನ ಎಸ್‌ಸಿಯಲ್ಲಿ ಕವಚ ಅಲ್ಯೂಮಿನಿಯಂಗೆ ಬದಲಾಯಿತು. ಅದರ ದೌರ್ಬಲ್ಯಗಳು ಚಿಕ್ಕವು. ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ಗಳು ಸೋಲುತ್ತವೆ, ಬದಲಿಗೆ 1984ರ ನಂತರದ ಕಾರಿನಲ್ಲಿರುವಂತೆ ಎಂಜಿನ್ ಆಯಿಲಿನ ಒತ್ತಡದಿಂದ ಕೆಲಸ ಮಾಡುವವನ್ನು ಹಾಕಬಹುದು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಕ್‌ಫೈರ್ ಆದರೆ ಗಾಳಿ ಹೋಗುವ ಪ್ಲಾಸ್ಟಿಕ್ ಪೆಟ್ಟಿಗೆ ಸೀಳುತ್ತದೆ, ಅದಕ್ಕೆ ಒತ್ತಡ ಹೊರಬಿಡುವ ಒಂದು ಚಿಕ್ಕ ವಾಲ್ವ್ ಅಳವಡಿಸುವುದು ರೂಢಿ. 1984ರಿಂದ 1989ರವರೆಗಿನ ಕರೇರಾ 3.2ರಲ್ಲಿ ಯುರೋಪಿನ ಆವೃತ್ತಿಗೆ 231 ಅಶ್ವಶಕ್ತಿ, ಜೊತೆಗೆ ಬಾಷ್ ಕಂಪನಿಯ ಮೋಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆ. ಇದರ ಮಹತ್ವ ಮುಂದೆ ಗೊತ್ತಾಗುತ್ತದೆ.

ಎಂಜಿನ್ನಿಗಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ತಗಡನ್ನು. 1976ನೇ ಮಾದರಿ ವರ್ಷದಿಂದ ಪೋರ್ಷೆ ಎರಡೂ ಬದಿ ಸತುವಿನ ಲೇಪವಿರುವ ಉಕ್ಕಿನಿಂದ 911ರ ದೇಹ ಕಟ್ಟತೊಡಗಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಊರಿನಲ್ಲಿ ಈ ಒಂದೇ ಕಾರಣ ಸಾಕು, 1973ರ ಅಸಲಿ ಕಾರಿಗಿಂತ 1980ರ ದಶಕದ ತಳಹದಿ ಮೇಲು ಎನ್ನಲು. ಸತುವು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಆದರೆ ವೆಲ್ಡಿಂಗ್ ಮಾಡಿದ ಕಡೆ, ಗ್ರೈಂಡರ್ ಆಡಿಸಿದ ಕಡೆ, ಹಳೆಯ ಅಪಘಾತದ ದುರಸ್ತಿಯಾದ ಕಡೆ ಆ ಲೇಪ ಹೋಗಿರುತ್ತದೆ.

ಪರೀಕ್ಷೆ ಸರಳ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಒಂದು ಚಿಕ್ಕ ಆಯಸ್ಕಾಂತವನ್ನು ಬಾಗಿಲಿನ ಕೆಳಗಿನ ಸಿಲ್ ಉದ್ದಕ್ಕೂ ನಿಧಾನವಾಗಿ ಎಳೆಯುತ್ತ ಹೋಗಬೇಕು. ಉಕ್ಕಿದ್ದಲ್ಲಿ ಅದು ಅಂಟಿಕೊಳ್ಳುತ್ತದೆ. ಹಿಂಚಕ್ರದ ಹತ್ತಿರ ಬಂದಾಗ ಹಿಡಿತ ಸಡಿಲಾಗಿ ಜಾರಿದರೆ ಒಳಗೆ ಇರುವುದು ತಗಡಲ್ಲ, ಪುಟ್ಟಿ. ಆಮೇಲೆ ಮುಂದಿನ ಗಾಜಿನ ಕೆಳಗಿನ ಮೂಲೆಗಳಲ್ಲಿ ರಬ್ಬರ್ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಬೇಕು, ಬಣ್ಣ ಗುಳ್ಳೆ ಎದ್ದಿದ್ದರೆ ಅಡಿಯಲ್ಲಿ ತುಕ್ಕು ಹರಡಿದೆ ಎಂದರ್ಥ. 911ರಲ್ಲಿ ಎಂಜಿನ್ ಹಿಂದೆ, ಸಾಮಾನಿನ ಡಿಕ್ಕಿ ಮುಂದೆ; ಆ ಡಿಕ್ಕಿಯ ಕಾರ್ಪೆಟ್ ತೆಗೆದು ಬ್ಯಾಟರಿ ಕೂರುವ ಜಾಗ, ಪೆಟ್ರೋಲ್ ಟ್ಯಾಂಕಿನ ಅಡಿ, ಸಸ್ಪೆನ್ಷನ್ ತೋಳುಗಳು ಬಂದು ಸೇರುವ ಜಾಗ, ಜಾಕಿ ಕೊಡುವ ಜಾಗ ಇಷ್ಟನ್ನು ಟಾರ್ಚ್ ಹಿಡಿದು ನೋಡದೆ ಮುಂಗಡ ಕೊಡಬಾರದು. ಹೊಳೆಯುವ ಹೊಸ ಬಣ್ಣವಿರುವ ಕಾರಿಗಿಂತ ಬಣ್ಣ ಮಾಸಿದ, ಆದರೆ ಯಾರೂ ಕೈಹಾಕದ ಕಾರನ್ನು ನಂಬಬಹುದು.

ಯಾವ ವರ್ಷದ ರೂಪ

‘ಹಳೆಯ ರೂಪ’ ಎಂಬ ಒಂದೇ ರೂಪ ಇಲ್ಲ. 1960ರ ದಶಕದ ಕಾರಿನ ಹೊಳೆಯುವ ಕ್ರೋಮ್ ಅಂಚುಗಳು 1973ರ ಹೊತ್ತಿಗೆ ಹಲವು ಕಡೆ ಕಪ್ಪಾಗಿದ್ದವು. ಹಿಂದಿನ ದೀಪದ ಆಕಾರ 1969ರಲ್ಲಿ ಬದಲಾಯಿತು. 1972ನೇ ಮಾದರಿಯಲ್ಲಂತೂ ಎಂಜಿನ್ ಆಯಿಲ್ ತುಂಬುವ ಮುಚ್ಚಳವನ್ನು ಹೊರಗೆ, ಬಲಬದಿಯ ಬಾಗಿಲಿನ ಹಿಂದೆ ಕೊಟ್ಟಿದ್ದರು. ಬಂಕಿನವರು ಅದರೊಳಗೆ ಪೆಟ್ರೋಲ್ ಸುರಿಯತೊಡಗಿದ್ದರಿಂದ ಮರುವರ್ಷವೇ ಅದನ್ನು ಕೈಬಿಟ್ಟರು! ಯೋಜನೆ ಮಾಡುವವರು ಒಂದು ವರ್ಷವನ್ನು ಆಯ್ದು ಅದಕ್ಕೆ ಅಂಟಿಕೊಳ್ಳಬೇಕೇ, ಬೇರೆ ಬೇರೆ ವರ್ಷಗಳ ಚೆಂದದ ಅಂಶಗಳನ್ನು ಬೆರೆಸಬೇಕೇ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಅರ್ಧ ಕೆಲಸದಲ್ಲಿ ಮನಸ್ಸು ಬದಲಾಗಿ ಒಂದೇ ಭಾಗವನ್ನು ಎರಡು ಸಲ ತರಿಸುವಂತಾಗುತ್ತದೆ.

ದೊಡ್ಡ ತೀರ್ಮಾನ ಹಿಂದಿನ ಮಡ್‌ಗಾರ್ಡ್‌ಗಳದ್ದು. ಎಸ್‌ಸಿ ಮತ್ತು 3.2ರ ಹಿಂಭಾಗ ಅಗಲವಾದ ಟೈರುಗಳಿಗಾಗಿ ಉಬ್ಬಿಕೊಂಡಿದೆ. 1973ರ ಆರ್‌ಎಸ್‌ಗಿಂತಲೂ ಆ ಉಬ್ಬು ಹೆಚ್ಚು. ಮೊದಲಿನ ಕಾರಿನ ತೆಳು ಸೊಂಟವೇ ಬೇಕೆಂದರೆ ಹಿಂದಿನ ಎರಡೂ ಬದಿಯ ತಗಡನ್ನು ಕತ್ತರಿಸಿ ಬೇರೆಯದನ್ನು ಬೆಸೆಯಬೇಕು. ಮುಂದಿನ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದರೆ ಬರುತ್ತದೆ, ನಾಳೆ ಬೇಡವೆನಿಸಿದರೆ ಹಳೆಯದನ್ನು ಮತ್ತೆ ಕೂರಿಸಬಹುದು. ಹಿಂದಿನದು ದೇಹದ ಭಾಗವೇ, ಕತ್ತರಿಸಿದರೆ ವಾಪಸು ದಾರಿಯಿಲ್ಲ. ಸತುವಿನ ಲೇಪ ಸುಟ್ಟುಹೋಗುವುದೂ ಅಲ್ಲೇ, ಚಕ್ರ ಚಿಮ್ಮಿಸುವ ಕೆಸರು ಬಡಿಯುವುದೂ ಅಲ್ಲೇ. ಕೊಡಗಿನಲ್ಲಿ ಓಡಿಸುವ ಕಾರಾದರೆ ಹಿಂದಿನ ತಗಡನ್ನು ಮುಟ್ಟದೆ ಬಿಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಆರ್‌ಟಿಒ ಅಧಿಕಾರಿಗೆ ವಿವರಿಸುವುದೂ ಆಗ ಸುಲಭ.

ಬಾನೆಟ್ ಮತ್ತು ಬಂಪರ್‌ಗಳು ಉಕ್ಕಿನಲ್ಲೂ ಫೈಬರ್‌ಗ್ಲಾಸಿನಲ್ಲೂ ಸಿಗುತ್ತವೆ. ಫೈಬರ್ ಹಗುರ, ಅಗ್ಗ, ತುಕ್ಕಿನ ಭಯವಿಲ್ಲ; ಆದರೆ ಅಗ್ಗದ ಅಚ್ಚಿನಿಂದ ಬಂದವು ಒಂದರಂತೆ ಒಂದು ಇರುವುದಿಲ್ಲ, ಬಿಸಿಲಿಗೆ ಕೊಂಚ ಸೊಟ್ಟಗಾಗುತ್ತವೆ. ಬಂಪರ್ ಫೈಬರ್ ಆದರೂ ನಡೆಯುತ್ತದೆ, ಬಾನೆಟ್ ಮತ್ತು ಮಡ್‌ಗಾರ್ಡ್ ಉಕ್ಕಿನದೇ ಇರಲಿ ಎಂಬುದು ಈ ಕೆಲಸ ಬಲ್ಲವರಲ್ಲಿ ಹಲವರು ಒಪ್ಪುವ ಮಾತು. ತೆಗೆದ ಮೂಲ ಭಾಗಗಳಿಗೆ ಚೀಟಿ ಅಂಟಿಸಿ, ಎಣ್ಣೆ ಸವರಿ, ಉಗ್ರಾಣದ ಅಟ್ಟದಲ್ಲಿ ಒಣ ಜಾಗದಲ್ಲಿಡಬೇಕು. ಮಾರುವ ದಿನ ಬಂದರೆ ಅವುಗಳಿಗೂ ಒಂದು ಬೆಲೆ ಇದೆ.

ಕಾರ್ಬ್ಯುರೇಟರ್, ಎತ್ತರ ಮತ್ತು ಎಥೆನಾಲ್

ಹಳೆಯ ರೂಪಕ್ಕೆ ಹಳೆಯ ಸದ್ದೂ ಬೇಕೆಂದು ಹಲವರು ಇಂಜೆಕ್ಷನ್ ವ್ಯವಸ್ಥೆ ಕಿತ್ತು ಕಾರ್ಬ್ಯುರೇಟರ್ ಹಾಕಿಸುತ್ತಾರೆ. ಸದ್ದು ನಿಜಕ್ಕೂ ಚೆನ್ನಾಗಿರುತ್ತದೆ. ಕೊಡಗಿನಲ್ಲಿ ಇದರ ಪರಿಣಾಮವೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಎಂಜಿನ್ ಉರಿಸುವುದು ಗಾಳಿ ಮತ್ತು ಇಂಧನದ ಒಂದು ಗೊತ್ತಾದ ಪ್ರಮಾಣದ ಮಿಶ್ರಣವನ್ನು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ 10ರಷ್ಟು ತೆಳು. ಕಾರ್ಬ್ಯುರೇಟರ್‌ಗೆ ಈ ಗಾಳಿ ತೆಳುವಾದದ್ದು ಪೂರ್ತಿ ತಿಳಿಯುವುದಿಲ್ಲ. ಗಾಳಿಯ ತೂಕ ಶೇ 10ರಷ್ಟು ಇಳಿದರೂ ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಹರಿಯುವ ಪೆಟ್ರೋಲ್ ಇಳಿಯುವುದು ಅದರ ಅರ್ಧದಷ್ಟು ಮಾತ್ರ. ಹೀಗಾಗಿ ಘಾಟಿ ಹತ್ತಿದಂತೆ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಸುಮಾರು ಶೇ 5ರಷ್ಟು ಹೆಚ್ಚುತ್ತದೆ, ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ.

ಈಗ ಇದರ ಮೇಲೆ ಇ20 ಬಂದಿದೆ. 2025ರ ಹೊತ್ತಿಗೆ ದೇಶದ ಬಹುಪಾಲು ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ, ಕಿಲೋಗೆ ಸುಮಾರು 9 ಕಿಲೋ; ಇ20ಕ್ಕೆ ಸುಮಾರು 13.5 ಕಿಲೋ. ಅಂದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಜೆಟ್‌ನಿಂದ ಇ20 ಹರಿದರೆ ಮಿಶ್ರಣದಲ್ಲಿ ಇಂಧನ ಕೊರತೆಯಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಸ್ವಾರಸ್ಯವೆಂದರೆ, ಮಡಿಕೇರಿಯಲ್ಲಿ ಎತ್ತರ ಮತ್ತು ಎಥೆನಾಲ್ ಒಂದನ್ನೊಂದು ಸ್ವಲ್ಪ ಮಟ್ಟಿಗೆ ಸರಿದೂಗಿಸುತ್ತವೆ. ಸಂಪಾಜೆ ಘಾಟಿ ಇಳಿದು ಮಂಗಳೂರು ತಲುಪಿದಾಗ ಆ ಆಸರೆ ತಪ್ಪುತ್ತದೆ. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್‌ಗೆ ಕರಾವಳಿಯ ಸೆಕೆಯಲ್ಲಿ ಇಂಧನ ಕೊರತೆ ಒಳ್ಳೆಯದಲ್ಲ. ಕಾರ್ಬ್ಯುರೇಟರ್ ಹಾಕಿಸಲೇಬೇಕೆಂದರೆ ಜೆಟ್‌ಗಳನ್ನು ಇ20ಕ್ಕೆ, ಕೆಳಗಿನ ಊರಿನ ಲೆಕ್ಕದಲ್ಲಿ ಆಯ್ಕೆ ಮಾಡಿಸಿ, ಮಡಿಕೇರಿಯಲ್ಲಿ ಬರುವ ಅಲ್ಪ ಮಸಿಯನ್ನು ಸಹಿಸಿಕೊಳ್ಳಬೇಕು.

3.2ರ ಮೋಟ್ರಾನಿಕ್‌ನಲ್ಲಿ ಎತ್ತರವನ್ನು ಅಳೆಯುವ ಸೆನ್ಸರ್ ಇದ್ದು ಘಾಟಿಯ ವ್ಯತ್ಯಾಸವನ್ನು ಅದು ತಾನೇ ಸರಿಪಡಿಸುತ್ತದೆ. ಹೊಗೆಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇರುವ ಕಾರಾದರೆ ಇಂಧನದ ವ್ಯತ್ಯಾಸವನ್ನೂ ಒಂದು ಮಿತಿಯೊಳಗೆ ಹೊಂದಿಸಿಕೊಳ್ಳುತ್ತದೆ. ಬೆಟ್ಟದ ಊರಿಗೆ ಇದೇ ಸೂಕ್ತ ಎನ್ನಲು ಹೆಚ್ಚು ವಾದ ಬೇಕಾಗಿಲ್ಲ.

ಯಾವ ವ್ಯವಸ್ಥೆಯಾದರೂ 1980ರ ದಶಕದ ರಬ್ಬರ್ ಹೋಸ್, ಸೀಲ್, ಪಂಪ್ ಡಯಾಫ್ರಾಮ್‌ಗಳನ್ನು ಎಥೆನಾಲ್ ತಡೆಯುವ ಬಗೆಯವಕ್ಕೆ ಬದಲಿಸಲೇಬೇಕು. ಹಳೆಯ ರಬ್ಬರನ್ನು ಎಥೆನಾಲ್ ಉಬ್ಬಿಸಿ ಬಿರುಕು ಬಿಡಿಸುತ್ತದೆ, ಮತ್ತು 911ರಲ್ಲಿ ಸೋರಿದ ಪೆಟ್ರೋಲ್ ಬೀಳುವುದು ಕಾದ ಎಂಜಿನ್ ಮೇಲೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲ ಪೂರ್ತಿ ನಿಲ್ಲಿಸಿಡುವ ಕಾರಿನ ಉಕ್ಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯಲು ಇದೇ ದಾರಿ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ.

ಘಾಟಿ ಮತ್ತು ಮಂಜಿಗೆ ತಕ್ಕ ಭಾಗಗಳು

ಗಾಳಿಯಿಂದ ತಣಿಯುವ ಎಂಜಿನ್ ಎಂದು ಕರೆದರೂ 911ರ ಬಿಸಿಯ ಒಂದು ದೊಡ್ಡ ಪಾಲನ್ನು ಹೊರುವುದು ಆಯಿಲ್. ಎಸ್‌ಸಿ ಮತ್ತು 3.2ರಲ್ಲಿ ಬಲಬದಿಯ ಮುಂದಿನ ಮಡ್‌ಗಾರ್ಡಿನೊಳಗೆ ಇನ್ನೊಂದು ಆಯಿಲ್ ಕೂಲರ್ ಇರುತ್ತದೆ. ಬ್ಯಾಕ್‌ಡೇಟ್ ಮಾಡುವಾಗ ಬಂಪರ್ ಬದಲಾಗಿ ಗಾಳಿ ಬರುವ ದಾರಿ ಮುಚ್ಚಿಹೋಗುವುದುಂಟು, ತೂಕ ಉಳಿಸಲೆಂದು ಕೂಲರನ್ನೇ ತೆಗೆಯುವವರೂ ಉಂಟು. ಎರಡನೇ ಗೇರಿನಲ್ಲಿ ಸಂಪಾಜೆ ಹತ್ತುವ ಕಾರಿಗೆ ಅದು ಇರಲೇಬೇಕು. ಈ ಎಂಜಿನ್‌ನ ಆಯಿಲ್ ಬೇರೆ ಟ್ಯಾಂಕಿನಲ್ಲಿ ಇರುವುದರಿಂದ ಮಟ್ಟ ನೋಡುವ ಕ್ರಮವೂ ಬೇರೆ: ಎಂಜಿನ್ ಪೂರ್ತಿ ಬಿಸಿಯಾಗಿ, ಐಡಲಿನಲ್ಲಿ ಓಡುತ್ತಿರುವಾಗ, ಸಮತಟ್ಟಾದ ನೆಲದ ಮೇಲೆ ಗೇಜ್ ಕಡ್ಡಿ ಎಳೆದು ನೋಡಬೇಕು. ತೋಟದ ಮನೆಯಲ್ಲಿ ಅಂಥ ನೆಲ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ. ಇಳಿಜಾರಿನಲ್ಲಿ ನಿಲ್ಲಿಸಿಯೋ ಎಂಜಿನ್ ಆರಿಸಿಯೋ ನೋಡಿದರೆ ಮಟ್ಟ ತಪ್ಪಾಗಿ ಕಂಡು, ಆಯಿಲ್ ಅತಿಯಾಗಿ ತುಂಬಿಸುವಂತಾಗುತ್ತದೆ.

ಸೈಲೆನ್ಸರ್ ಬದಲಿಸುವಾಗ ಇನ್ನೊಂದು ಎಚ್ಚರ ಬೇಕು. ಈ ಕಾರಿನಲ್ಲಿ ರೇಡಿಯೇಟರ್ ಇಲ್ಲದ್ದರಿಂದ ಒಳಗಿನ ಹೀಟರ್‌ಗೆ ಬಿಸಿಗಾಳಿ ಬರುವುದು ಹೊಗೆಕೊಳವೆಯ ಸುತ್ತ ಇರುವ ಹೀಟ್ ಎಕ್ಸ್‌ಚೇಂಜರ್ ಎಂಬ ತಗಡಿನ ಕವಚದಿಂದ. ಹೆಚ್ಚು ಬಲದ ಆಸೆಗೆ ಅದಿಲ್ಲದ ಹೆಡರ್ ಪೈಪ್ ಹಾಕಿಸಿದರೆ ಬೆಂಗಳೂರಿನಲ್ಲಿ ಯಾರಿಗೂ ಏನೂ ಅನಿಸದು. ಕಕ್ಕಡದ ಮಳೆಯಲ್ಲಿ, ಮಂಜಿನಲ್ಲಿ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೊರಟಾಗ ಮುಂದಿನ ಗಾಜಿನ ಒಳಮಂಜು ಕರಗುವುದೇ ಇಲ್ಲ. 1974ಕ್ಕಿಂತ ಹಿಂದಿನ ವಿನ್ಯಾಸದ, ತುಕ್ಕು ಹಿಡಿಯದ ಉಕ್ಕಿನ ಹೀಟ್ ಎಕ್ಸ್‌ಚೇಂಜರ್‌ಗಳು ಸಿಗುತ್ತವೆ. ಅವು ಹಳೆಯ ರೂಪಕ್ಕೂ ಹೊಂದುತ್ತವೆ, ಎಂಜಿನ್‌ನ ಉಸಿರಾಟವನ್ನೂ ಸುಧಾರಿಸುತ್ತವೆ, ಹೀಟರನ್ನೂ ಉಳಿಸುತ್ತವೆ. ಕವಚದೊಳಗಿನ ಕೊಳವೆ ತೂತಾಗಿದ್ದರೆ ಹೊಗೆ ನೇರವಾಗಿ ಒಳಗೆ ಬರುವುದರಿಂದ ಹಳೆಯದನ್ನು ಪರೀಕ್ಷಿಸದೆ ಮತ್ತೆ ಬಳಸಬಾರದು.

ಕಾರಿನ ಎತ್ತರವನ್ನು ಈ ಮಾದರಿಗಳಲ್ಲಿ ಟಾರ್ಷನ್ ಬಾರ್ ಎಂಬ ತಿರುಚುವ ಉಕ್ಕಿನ ಸರಳುಗಳು ತೀರ್ಮಾನಿಸುತ್ತವೆ. ಸ್ಪ್ರಿಂಗ್ ಬದಲಿಸದೆಯೇ ಏರಿಳಿಸಬಹುದು. ಫೋಟೋದಲ್ಲಿ ಚೆಂದ ಕಾಣುವ ತಗ್ಗು ನಿಲುವು ನಮ್ಮ ಹಂಪ್‌ಗಳಿಗೂ ತೋಟದ ಗೇಟಿನ ಚರಂಡಿಗೂ ಒಗ್ಗದು. ಎಸ್‌ಸಿಯ 15 ಇಂಚಿನ ಚಕ್ರಕ್ಕೆ ಮುಂದೆ 185/70, ಹಿಂದೆ 215/60 ಅಳತೆಯ ಟೈರ್ ಇತ್ತು. ಹಳೆಯ ರೂಪಕ್ಕೆ ತಕ್ಕುದೂ ಅದೇ, ಟೈರಿನ ಪಕ್ಕೆ ಎತ್ತರವಿರುವುದರಿಂದ ಗುಂಡಿ ಬಿದ್ದ ರಸ್ತೆಗೆ ತಕ್ಕುದೂ ಅದೇ. ಬ್ರೇಕ್ ಮಾತ್ರ ಆಮೇಲಿನ ಕಾರಿನದೇ ಇರಲಿ, ಅದನ್ನು ಹಿಂದಿನ ಕಾಲಕ್ಕೆ ಒಯ್ಯಲು ಯಾವ ಕಾರಣವೂ ಇಲ್ಲ.

ಯಾವ ತಿಂಗಳು ಯಾವ ಕೆಲಸ

ಕೆಲಸದ ಕ್ರಮ ಎಲ್ಲೆಡೆ ಒಂದೇ: ಬಿಚ್ಚುವುದು, ತುಕ್ಕು ತೆಗೆದು ಬೆಸೆಯುವುದು, ಹೊಸ ಭಾಗಗಳನ್ನು ಬಣ್ಣವಿಲ್ಲದೆಯೇ ಒಮ್ಮೆ ಜೋಡಿಸಿ ನೋಡುವುದು, ಮತ್ತೆ ಬಿಚ್ಚಿ ಬಣ್ಣ ಹೊಡೆಯುವುದು, ಕೊನೆಗೆ ಜೋಡಣೆ. ಸಮಯ ಉಳಿಸಲು ಗ್ಯಾರೇಜಿನವರು ಹಾರಿಸುವುದು ಮೂರನೆಯದನ್ನು. ಬಾನೆಟ್ ಮತ್ತು ಮಡ್‌ಗಾರ್ಡ್ ನಡುವಿನ ಸಂದು ಗಾಜಿನ ಹತ್ತಿರ ನಾಲ್ಕು ಮಿಲಿಮೀಟರ್ ಇದ್ದು ದೀಪದ ಹತ್ತಿರ ಏಳಾಗಿರುವುದು ಬಣ್ಣ ಹೊಡೆದ ಮೇಲೆ ಗೊತ್ತಾದರೆ, ಟಿಂಕರಿಂಗ್ ಕೆಲಸವೂ ಬಣ್ಣದ ಕೆಲಸವೂ ಮೊದಲಿನಿಂದ ಶುರು.

ಕೊಡಗಿನಲ್ಲಿ ಇದಕ್ಕೆ ಪಂಚಾಂಗವೂ ಸೇರುತ್ತದೆ. ಈಗಿನ ಕಾರಿನ ಬಣ್ಣಗಳಲ್ಲಿ ಬಳಸುವ ಹಾರ್ಡನರ್ ತೇವದೊಡನೆ ವರ್ತಿಸುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ನೀರಿನ ಅಂಶ ಉಳಿದರೆ ಬಣ್ಣದಲ್ಲಿ ಗುಳ್ಳೆ ಏಳುತ್ತದೆ, ಹೊಳಪು ಮಂಕಾಗುತ್ತದೆ. ಬರಿ ತಗಡು ಮಳೆಗಾಲದಲ್ಲಿ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕಂದು ಹಿಡಿಯಬಲ್ಲದು, ಹಾಗಾಗಿ ತುಕ್ಕು ತೆಗೆದ ದಿನವೇ ಪ್ರೈಮರ್ ಬೀಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಸೀಟು ಇಂಥ ಒಳಗೆ ಕೂತು ಮಾಡುವ ಕೆಲಸಗಳನ್ನು ಇಟ್ಟುಕೊಂಡು, ಹುತ್ತರಿ ಕಳೆದ ಮೇಲೆ ತಗಡಿನ ಕೆಲಸ ಹಿಡಿದು, ಜನವರಿ ಮತ್ತು ಫೆಬ್ರುವರಿಯ ಒಣ ಹವೆಯಲ್ಲಿ, ಹೂಮಳೆ ಬೀಳುವ ಮೊದಲು ಬಣ್ಣ ಮುಗಿಸುವಂತೆ ದಿನ ಗೊತ್ತುಮಾಡುವುದು ಅನುಕೂಲ. ಕಾಫಿ ಕುಯ್ಲಿನ ಗಡಿಬಿಡಿಯೂ ಇದೇ ತಿಂಗಳುಗಳಲ್ಲಿ ಬರುವುದರಿಂದ, ಮಾಲೀಕರು ಗ್ಯಾರೇಜಿಗೆ ಹೋಗಿ ನೋಡಲು ಬಿಡುವಿಲ್ಲದ ಕಾಲವೂ ಇದೇ ಎಂಬುದನ್ನು ಲೆಕ್ಕದಲ್ಲಿಡಬೇಕು. ಮನೆಯಲ್ಲಿ ಬೇರೆಯವರೊಬ್ಬರಿಗೆ ಆ ಹೊಣೆ ವಹಿಸುವುದು ಒಳ್ಳೆಯದು.

ಹಣವನ್ನು ಒಟ್ಟಿಗೆ ಕೊಡದೆ ಹಂತಕ್ಕೆ ಕಟ್ಟಿ ಕೊಡುವುದು ರೂಢಿಯಾಗಬೇಕು: ಬಿಚ್ಚಿ ತುಕ್ಕಿನ ನಿಜಸ್ಥಿತಿ ತಿಳಿದ ಮೇಲೆ ಒಂದು ಕಂತು, ಬಣ್ಣವಿಲ್ಲದ ಜೋಡಣೆಯನ್ನು ಕಣ್ಣಾರೆ ನೋಡಿ ಒಪ್ಪಿದ ಮೇಲೆ ಇನ್ನೊಂದು, ಬಣ್ಣದ ನಂತರ ಮತ್ತೊಂದು. ಮೊದಲ ಹಂತದಲ್ಲಿ ಅಂದಾಜು ಮೀರದ ಯೋಜನೆ ಅಪರೂಪ, ಆದ್ದರಿಂದ ಆರಂಭದಲ್ಲೇ ಒಂದು ಪಾಲು ಹಣ ಮೀಸಲಿಡಬೇಕು. ಬಿಚ್ಚುವಾಗ ತೆಗೆದ ಫೋಟೋಗಳು, ಭಾಗಗಳ ಬಿಲ್ಲುಗಳು, ಆರ್‌ಟಿಒ ಪತ್ರಗಳು ಒಂದೇ ಕಡತದಲ್ಲಿರಲಿ. ವಿಮಾ ಕಂಪನಿಗೆ ಮಾರ್ಪಾಡುಗಳನ್ನು ಮೊದಲೇ ಲಿಖಿತವಾಗಿ ತಿಳಿಸಿ, ಅವುಗಳನ್ನು ಪಾಲಿಸಿಯಲ್ಲಿ ಸೇರಿಸಿಸಿಕೊಳ್ಳಬೇಕು. ತಿಳಿಸದ ಬದಲಾವಣೆಯ ಕಾರಣ ಮುಂದಿಟ್ಟು ಪರಿಹಾರ ನಿರಾಕರಿಸಲು ಅವರಿಗೆ ಅವಕಾಶವಿದೆ, ಮತ್ತು ಸರ್ವೇಯರ್ ಬಂದು ಕೇಳುವುದು ಆ ಕಡತವನ್ನೇ.